ತೂಬಿನ ಹಲಗೆಯ ವೇಗಪರೀಕ್ಷೆ

ಕೆರೆಗೆ ಸಂಬಂಧಿಸಿದ ಯಾವುದೇ ಹಲಗೆಯು ಜಲಕ್ರೀಡಾ ಪ್ರೋತ್ಸಾಹ ಕೋಶದ ವ್ಯಾಪ್ತಿಗೆ ಒಳಪಡತಕ್ಕದ್ದು. ಮೊಳಕಾಲ್ಮೂರು ಕಡೆಯ ದೊಣೆಹಟ್ಟಿಯ ಓಬಯ್ಯನಿಗೆ ಈ ನಿಯಮ ಗೊತ್ತಿರಲಿಲ್ಲ, ತಪ್ಪು ಅವನದೇ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಅವನು. ಎಷ್ಟೋ ವರ್ಷಕ್ಕೆ ಕೆರೆ ತುಂಬಿತು, ತುಂಬಿದ ವಾರಕ್ಕೇ ತೂಬಿನ ಹಲಗೆ ಮುರಿಯಿತು. ಒಡ್ಡಿದ ಮರಳಿನ ಮೂಟೆಗಳನ್ನೆಲ್ಲ ನೀರು ನುಂಗಿ ಹಳ್ಳಕ್ಕೆ ಹರಿಯಿತು. ಹೀಗೇ ಬಿಟ್ಟರೆ ಭತ್ತ ಹಾಗಿರಲಿ, ಬೇಸಿಗೆಗೆ ದನಗಳಿಗೂ ಹನಿ ನೀರಿರುವುದಿಲ್ಲ. ಓಬಯ್ಯ ಅರ್ಜಿ ಬರೆಸಿದ: "ಕೆರೆಗೆ ಹಲಗೆ ಬೇಕು, ಬೇಗ ಕಳಿಸಿ."

ಒಂದೂವರೆ ತಿಂಗಳಿಗೆ, ಅಂದರೆ ಬೇಗನೆ, ಚಳ್ಳಕೆರೆಯಿಂದ ಲಾರಿ ಬಂತು. ಅದರಲ್ಲಿ ಎರಡು ಹಲಗೆ, ಎರಡು ಹಾಯಿಪಟ, ಕೋಶದ ಅಧಿಕಾರಿ ಚಂದ್ರಣ್ಣ ಮತ್ತು ಗುಮಾಸ್ತೆ ನಾಗರತ್ನ ಇದ್ದರು.

"ನೋಡಯ್ಯ, ಇವು ಗಾಳಿಗೆ ನೀರಿನ ಮೇಲೆ ಓಡೋ ಹಲಗೆ," ಎಂದರು ಚಂದ್ರಣ್ಣ. "ಒಂದು ಫ್ರೀರೇಸ್, ಒಂದು ಸ್ಲಾಲಂ. ಯಾವುದು ಮೇಲು ಅಂತ ಪರೀಕ್ಷೆ ಆಗದೆ ನಿಂಗೆ ಹಲಗೆ ಮಂಜೂರಾಗಲ್ಲ."

ನಾಗರತ್ನ ಕೈಪಿಡಿ ಓದಿದಳು: "ಸ್ಲಾಲಂ ವೇಗದಲ್ಲಿ ಮುಂದು, ಆದರೆ ಪಳಗಿದ ಕಾಲಿಗೆ ಮಾತ್ರ ಬಗ್ಗುತ್ತದೆ. ಫ್ರೀರೇಸ್ ಕೊಂಚ ಹಿಂದು, ಆದರೆ ಸಂಭಾಳಿಸುವುದು ಸುಲಭ. ಹೊಸಬರ ತಪ್ಪನ್ನು ಕ್ಷಮಿಸುತ್ತದೆ."

ಬಡವರ ತಪ್ಪು ಕ್ಷಮಿಸುವ ವಸ್ತುವೊಂದು ಸರ್ಕಾರದಿಂದ ದೊಣೆಹಟ್ಟಿಗೆ ಬಂದದ್ದು ಅದೇ ಮೊದಲು.

"ಸಾಹೇಬ್ರೆ, ಆ ಫ್ರೀ ಇರೋದನ್ನೇ ಕೊಡ್ರಿ," ಎಂದ ಓಬಯ್ಯ ಕೈಮುಗಿದು. "ತೂಬಿಗೆ ಅಡ್ಡ ಇಡ್ತೀನಿ. ಇನ್ನೂ ಮೊಣಕಾಲುದ್ದ ನೀರೈತೆ."

"ಕ್ರೀಡಾ ಸಾಮಗ್ರಿನ ತೂಬಿಗಿಟ್ರೆ ನನ್ನ ಕೆಲ್ಸ ಹೋಗ್ತದೆ ಕಣಯ್ಯ!"

ಏರಿಯ ಮೇಲಿದ್ದ ಅವನ ಹೆಂಡತಿ ಲಕ್ಷ್ಮಕ್ಕ ಕೂಗಿದಳು: "ಹಂಗಾರೆ ಸಾಹೇಬ್ರನ್ನೇ ಅಡ್ಡ ಮಲಗ್ಸು. ಅಳತೆ ಸರಿಯಾಗೈತೆ."

ಹಲಗೆ ಏರಬಲ್ಲವರು ಕೋಶದಲ್ಲಿ ಒಬ್ಬರೂ ಇರಲಿಲ್ಲ; ಆ ಹುದ್ದೆ ಮೊದಲಿನಿಂದಲೂ ಖಾಲಿ. ಬೇರೆಯವರು ಏರಬಹುದೇ ಎಂದು ಮೇಲಿನವರಿಗೆ ಪತ್ರ ಹೋಯಿತು. ಏರಬಹುದು ಎಂಬ ಉತ್ತರ ಹನ್ನೆರಡನೇ ದಿನ ಬಂತು. ಅಷ್ಟರಲ್ಲಿ ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು.

ಚಂದ್ರಣ್ಣ ಎದೆಗುಂದಲಿಲ್ಲ. ಪರೀಕ್ಷೆಗೆ ನೀರು ಇರಲೇಬೇಕೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಸ್ಲಾಲಂ ಓಬಯ್ಯನ ತಲೆಗೆ, ಫ್ರೀರೇಸ್ ಲಕ್ಷ್ಮಕ್ಕನ ತಲೆಗೆ ಏರಿತು. ಮುಂದಿನ ಮಳೆಗಾದರೂ ಹಲಗೆ ಸಿಕ್ಕೀತೆಂದು ಗಂಡ ಹೆಂಡಿರು ಆ ಏರಿಯಿಂದ ಆಚೆ ದಡಕ್ಕೆ ಓಡಿದರು. ಓಬಯ್ಯ ಮೊದಲು ಮುಟ್ಟಿದ, ಮುಟ್ಟುವಷ್ಟರಲ್ಲಿ ಎರಡು ಸಲ ಮುಗ್ಗರಿಸಿದ. ಲಕ್ಷ್ಮಕ್ಕನ ಹಲಗೆ ತಲೆಯ ಸಿಂಬಿಯ ಮೇಲೆ ಕೂತದ್ದು ಕೂತಂತೆ ಬಂತು. ಕೈಪಿಡಿಯ ಮಾತು ಅಕ್ಷರಶಃ ನಿಜವಾಯಿತೆಂದು ನಾಗರತ್ನ ಬರೆದುಕೊಂಡಳು. ಊರವರು ಚಪ್ಪಾಳೆ ತಟ್ಟಿದರು.

ಆದೇಶ ಮೂರೇ ದಿನಕ್ಕೆ ಬಂತು.

"ಪರೀಕ್ಷೆ ಯಶಸ್ವಿಯಾಗಿರುತ್ತದೆ. ಪರೀಕ್ಷಾ ಕಾಲದಲ್ಲಿ ಸದರಿ ಕೆರೆಯಲ್ಲಿ ನೀರು ಇಲ್ಲದಿರುವುದು ದೃಢಪಟ್ಟಿರುವುದರಿಂದ, ತೂಬಿಗೆ ಹಲಗೆಯ ಅವಶ್ಯಕತೆ ಕಂಡುಬರುವುದಿಲ್ಲ. ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ."

ಓಬಯ್ಯ ಅದನ್ನು ನಾಗರತ್ನಳಿಂದ ಎರಡು ಸಲ ಓದಿಸಿಕೊಂಡ.

"ಅದೂ ನ್ಯಾಯವೇ ಐತೆ ಬಿಡ್ರಿ," ಎಂದ. "ನೀರಿಲ್ದ ಕೆರೆಗೆ ಹಲಗೆ ಯಾಕೆ?"

ಊರವರು ಹೌದೆಂದು ತಲೆಯಾಡಿಸಿದರು. ಓಬಯ್ಯ ಹೆಬ್ಬೆಟ್ಟು ಒತ್ತಿದ.