ಗುಡಗೇರಿಗೆ "ಬರ್ತೀವಿ" ಅಂದವರ ಎಣಿಕೆ ಕುರಿತು

ಕಡ್ಲಿಗೇರಿ ಪುರಸಭೆ ಕಾರ್ಯಾಲಯ
(ಮೇಲೆ 'ನಗರಸಭೆ' ಎಂದು ಬರೆದಿದ್ದನ್ನು ಸುಣ್ಣದಿಂದ ಅಳಿಸಲಾಗಿದೆ)

ಸಂಖ್ಯೆ: ಕಪು/ತಲೆ/ಕೊರತೆ/೮೬–೮೭
ದಿನಾಂಕ: ೧೮ ನವೆಂಬರ್ ೧೯೮೬

ವಿಷಯ: ಪುರಸಭೆಯು ನಗರಸಭೆಯಾಗಲು ಎರಡು ತಲೆ ಕಡಿಮೆ ಬಿದ್ದದ್ದು, ಬಾಣಂತನಕ್ಕೆ ಬಂದ ಶ್ರೀಮತಿ ನೀಲಕ್ಕನವರು ಕೂಸಿನೊಂದಿಗೆ ಗಂಡನ ಮನೆಗೆ ಹೊರಟದ್ದು, ತರುವಾಯ ಆದ ಅನಾಹುತ.

ಉಲ್ಲೇಖ: (೧) ಮೇಲಿನ ಕಚೇರಿಯ ಪತ್ರ, ಇಲಿ ತಿಂದ ಭಾಗ ಹೊರತುಪಡಿಸಿ. (೨) ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಆದ ಮಾತು.

ಸಮಸ್ತ ಸಿಬ್ಬಂದಿ ಹಾಗೂ ನಾಗರಿಕರು ಕೆಳಗಿನದನ್ನು ಬಾಯಿ ಮುಚ್ಚಿಕೊಂಡು ಓದತಕ್ಕದ್ದು.

೧. ಊರಿನಲ್ಲಿ ಸಾಕಷ್ಟು ತಲೆಗಳಿದ್ದರೆ ಪುರಸಭೆಯನ್ನು ನಗರಸಭೆ ಮಾಡಲಾಗುವುದೆಂದು ಮೇಲಿನವರು ತಿಳಿಸಿದ್ದರು. ನಗರಸಭೆಯಾದರೆ ಓಣಿಗಳು ವಾರ್ಡುಗಳಾಗುತ್ತವೆ, ಮುಖ್ಯಾಧಿಕಾರಿಗಳು ಕಮಿಷನರ್ ಆಗುತ್ತಾರೆ, ಅವರ ಕುರ್ಚಿ ಗರಗರ ತಿರುಗುತ್ತದೆ. ನಲ್ಲಿಯಲ್ಲಿ ನೀರು ಬರುವ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲವಾದ್ದರಿಂದ ಆ ಬಗ್ಗೆ ಯಾರೂ ಕೇಳಕೂಡದೆಂದು ಈ ಮೂಲಕ ಸೂಚಿಸಲಾಗಿದೆ. ಕೊಡ ಹಿಡಿದು ಸಾಲುಗಟ್ಟಿ ನಿಂತವರು ಇನ್ನು ಮುಂದೆ ಪೌರರಾಗಿ ನಿಲ್ಲತಕ್ಕದ್ದು.

೨. ಎಣಿಸಲಾಗಿ ಎರಡು ತಲೆ ಕಡಿಮೆ ಬಿದ್ದವು. ಮತ್ತೆ ಹುಡುಕಲಾಗಿ, ಅಗಸಿ ಓಣಿಯ ಮಲ್ಲಕ್ಕನ ಮನೆಯಲ್ಲಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಗಳು ನೀಲಕ್ಕ ಹಾಗೂ ಆಕೆಯ ಐದು ತಿಂಗಳ ಹೆಣ್ಣು ಕೂಸು ದೊರೆತವು. ತವರಿಗೆ ಬಂದದ್ದನ್ನು 'ನಗರಕ್ಕೆ ವಲಸೆ' ಎಂದು ಪರಿಗಣಿಸಲಾಯಿತು.

೩. ತಲೆ ಎಂದರೆ ಕುತ್ತಿಗೆ ನಿಂತ ತಲೆ. ಆರೋಗ್ಯ ನಿರೀಕ್ಷಕರು ಕೂಸನ್ನು ಖುದ್ದು ಎತ್ತಿ ಪರೀಕ್ಷಿಸಿದರು, ಕುತ್ತಿಗೆ ಭದ್ರವಾಗಿದೆ. ಆಗ ಕೂಸು ಅವರ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿದ್ದು, ಊರಿನಲ್ಲಿ ಗಟಾರ ಇಲ್ಲದ ಕಾರಣ ಅದು ನೇರವಾಗಿ ಬೂಟಿನೊಳಗೆ ಹೋಗಿರುತ್ತದೆ. ಕೂಸು ನಗರದ ಸೌಲಭ್ಯ ಬಳಸಿದ್ದಕ್ಕೆ ಇದೇ ಪುರಾವೆ.

೪. ಆಡಳಿತ ಅನುಕೂಲಕ್ಕಾಗಿ ಸಮಿತಿಗಳನ್ನು ರಚಿಸಲಾಗಿದೆ. ನೀರಿನ ಸಮಿತಿಯು ಕೆರೆಯೊಳಗೆ ಚಾಪೆ ಹಾಸಿ ಸಭೆ ಸೇರತಕ್ಕದ್ದು. ಅಷ್ಟು ಒಣಗಿದ ಜಾಗ ಬೇರೆಲ್ಲೂ ಇಲ್ಲ. ಬೀದಿದೀಪದ ಸಮಿತಿಯು ಹಗಲಲ್ಲೇ ಸೇರತಕ್ಕದ್ದು, ಕಾರಣ ಎಲ್ಲರಿಗೂ ಗೊತ್ತು. ತಲೆ ಸಮಿತಿಯು ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಯಾವ ತಲೆಯೂ ಊರು ದಾಟದಂತೆ ಕಾಯತಕ್ಕದ್ದು. ಚಹಾ ಈ ಸಮಿತಿಗೆ ಮಾತ್ರ ಮಂಜೂರು.

೫. ಹೀಗಿರುವಲ್ಲಿ ನೀಲಕ್ಕನ ಗಂಡ ಮಡಿವಾಳೆಪ್ಪ ಎಂಬುವರು ಗುಡಗೇರಿಯಿಂದ ಹೆಂಡತಿಯನ್ನು ಕರೆದೊಯ್ಯಲು ಬಂದರು. ಬಸ್ಸು ಹತ್ತುವಾಗ ತಲೆ ಸಮಿತಿಯು ಅವರನ್ನು ತಡೆಯಿತು. ಮಲ್ಲಕ್ಕ ಮಗಳಿಗೆಂದು ತರಿಸಿದ್ದ ಕಲಘಟಗಿ ತೊಟ್ಟಿಲನ್ನು ಬಸ್ಸಿನ ಮೇಲಿಂದ ಇಳಿಸಿ ಕಚೇರಿಯಲ್ಲಿ ಇರಿಸಲಾಯಿತು. ಊಟದ ನಂತರ ಸಿಬ್ಬಂದಿ ಅದರಲ್ಲಿ ಮಲಗಕೂಡದು, ಕುಳ್ಳಗಿದ್ದವರೂ ಸಹ. ಆಗ ಸದರಿ ಮಡಿವಾಳೆಪ್ಪ, "ಸಾಹೇಬ್ರ, ನಿಮಗ ತಲಿ ಕಡಿಮಿ ಬಿದ್ರ ನೀವ ಎರಡ ಹಡೀರಿ. ನನ್ನ ಹೆಂಡ್ತಿ ಕೂಸು ನನಗ ಬಿಡ್ರಿ" ಎಂದು ಲಿಖಿತವಲ್ಲದ ಸಲಹೆ ನೀಡಿದರು. ಪರಿಶೀಲಿಸಲಾಗಿ, ಹಡೆಯುವುದು ಮುಖ್ಯಾಧಿಕಾರಿಗಳ ಕರ್ತವ್ಯಗಳಲ್ಲಿ ಸೇರಿಲ್ಲ.

೬. ನೀಲಕ್ಕನವರು ಹೆರಿಗೆಯಾದಾಗಿನಿಂದ ಗುಡಗೇರಿಯ ದಾರಿ ಕಾಯುತ್ತಿದ್ದರು. ಹೆಸರು ಇಲ್ಲೇ ಉಳಿದರೆ ಅಲ್ಲಿನ ರೇಷನ್ ಕಾರ್ಡಿನಲ್ಲಿ ತಾನೂ ಸೇರುವುದಿಲ್ಲ, ಕೂಸೂ ಸೇರುವುದಿಲ್ಲ. ಕಟ್ಟಿಕೊಂಡ ಗಂಡನ ಮನೆಯಲ್ಲೇ ನಾಲ್ಕು ದಿನ ಬಂದು ಹೋಗುವ ಬೀಗಿತ್ತಿಯ ಹಾಗೆ ಇರಬೇಕಾಗುತ್ತದೆ ಎಂಬ ಸಂಕಟ ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಮುಖ ನೋಡಿ ತೀರ್ಮಾನಿಸುವ ಪದ್ಧತಿ ಈ ಕಚೇರಿಯಲ್ಲಿಲ್ಲ.

೭. ಆದಾಗ್ಯೂ ಕಚೇರಿಯು ಕಲ್ಲಲ್ಲ. ಮುಖ್ಯಾಧಿಕಾರಿಗಳು ಬಸ್ಸಿನ ಬಾಗಿಲಲ್ಲೇ ನಿಂತು ಒಂದು ನಿಯಮ ಹೊರಡಿಸಿದರು: ಹೊರಡುವಾಗ "ಹೋಗಿ ಬರ್ತೀನಿ" ಎಂದವರು ಬರುವವರು, ಬರುವವರು ಹೋದವರಲ್ಲ, ಹೋಗದವರು ಇಲ್ಲೇ ಇರುವವರು. ಯಾವ ಊರಿಗೆ ಬರ್ತೀನಿ ಎನ್ನುತ್ತಾರೋ ಆ ಊರಿನ ಲೆಕ್ಕಕ್ಕೆ ಆ ತಲೆ ಜಮಾ. ಬಾಯಿಮಾತು ಬಾಂಡ್ ಪೇಪರಿಗೆ ಸಮ. ಇದು ಆ ಕ್ಷಣದಿಂದಲೇ ಜಾರಿ.

೮. ಲೆಕ್ಕದಿಂದ ಬಿಡುಗಡೆ ಬೇಕಾದವರು ಬರೀ "ಹೋಗ್ತೀನಿ" ಎನ್ನಬಹುದೆಂದೂ ತಿಳಿಸಲಾಯಿತು. ಕೂಡಲೇ ಮಲ್ಲಕ್ಕ ಮಗಳ ಬಾಯಿಗೆ ಕೈ ಅಡ್ಡ ಹಿಡಿದು, "ತವರು ಬಿಡೂ ಮುಂದ ಹಂಗ ಅನಬ್ಯಾಡ ನನ್ನವ್ವ, ಒಳ್ಳೇದಲ್ಲ" ಎಂದು ಕಣ್ಣಲ್ಲಿ ನೀರು ತಂದರು. ಯಾವ ಮಗಳೂ ತವರು ಬಿಡುವಾಗ ಹಾಗೆನ್ನುವುದಿಲ್ಲವೆಂಬುದು ಕಚೇರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಆ ಅವಕಾಶ ಕೊಡಲಾಗಿತ್ತು.

೯. ನೀಲಕ್ಕ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡರು. ಅದನ್ನೂ ಅನ್ನಲಿಲ್ಲ, ಇದನ್ನೂ ಅನ್ನಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೆರೆದವರೆಲ್ಲರ ಕಡೆ ತಿರುಗಿ, "ಕಾಕಾರ, ಅಣ್ಣಾರ, ಸಾಹೇಬ್ರ, ಎಲ್ಲಾರೂ ನಮ್ಮ ಗುಡಗೇರಿಗೆ ಬರ್ರಿ ಮತ್ತ. ಕೂಸಿನ ಕಿವಿ ಚುಚ್ಚೂ ದಿನಾ ಹೋಳಗಿ ಮಾಡ್ತೀನಿ. ಬರ್ತೀರಿಲ್ಲೋ?" ಎಂದರು. ಬಾಣಂತಿ ಬಾಯಿ ತುಂಬ ಕರೆದಾಗ ಒಲ್ಲೆ ಎನ್ನುವಂಥ ಹಲ್ಕಟ್ ಜನ ಈ ಊರಿನಲ್ಲಿಲ್ಲ. ತಲೆ ಸಮಿತಿ, ನೀರಿನ ಸಮಿತಿ, ಗುಮಾಸ್ತರು, ನಿರೀಕ್ಷಕರು ಎಲ್ಲರೂ ಒಂದೇ ಉಸಿರಿಗೆ "ಬರ್ತೀವಿ ತಗೊಳವ್ವಾ!" ಎಂದರು. ಮುಖ್ಯಾಧಿಕಾರಿಗಳ ದನಿ ಎಲ್ಲಕ್ಕಿಂತ ಜೋರಾಗಿತ್ತು. ಅವರಿಗೆ ಹೋಳಿಗೆ ಅಂದರೆ ಜೀವ.

೧೦. ಮಲ್ಲಕ್ಕನ ಬಾಜೂ ಮನೆಯ ಮೈಮುನಬಿ ನಕ್ಕು, "ಬಾಯಿಮಾತು ಬಾಂಡ್ ಪೇಪರ್ ಅಂದ್ರಲ್ರಿ ಸಾಹೇಬ್ರ? ಅಗದಿ ಚೊಲೋ ಆತು. ಈಗ ನೀವೆಲ್ಲಾ ಗುಡಗೇರಿ ಮಂದಿ!" ಎಂದರು. ಕಂಡಕ್ಟರ್ ಸೀಟಿ ಹೊಡೆದೇಬಿಟ್ಟರು.

೧೧. ಹೀಗಾಗಿ ಎರಡರ ಕೊರತೆ ಹೋಗಿ ಇಡೀ ಬಸ್ ಸ್ಟ್ಯಾಂಡಿನ ಕೊರತೆ ಬಿದ್ದಿದೆ. ಮೇಲಿನ ಕಚೇರಿಯಿಂದ ತಲೆ ಎಣಿಸುವ ತಪಾಸಣೆಯವರು ಬಂದ ದಿನವೇ ಕಿವಿ ಚುಚ್ಚುವ ದಿನವೂ ಆಗಿದ್ದು, ಎಲ್ಲರೂ ಹೋಳಿಗೆಗೆ ಹೋಗಿದ್ದರಿಂದ ಬೀಗ ಹಾಕಿದ ಕಚೇರಿಯ ಮುಂದೆ ಅವರಿಗೆ ಒಂದು ನಾಯಿ ಮಾತ್ರ ಸಿಕ್ಕಿರುತ್ತದೆ. ನಗರಸಭೆ ದೂರ ಉಳಿಯಿತು, ಇದನ್ನು ಪುರಸಭೆ ಎನ್ನುವುದಕ್ಕೂ ಅವರು ಅನುಮಾನ ಪಟ್ಟಿದ್ದಾರೆ. ತೊಟ್ಟಿಲನ್ನು ತಲೆ ಸಮಿತಿಯು ತಲೆಯ ಮೇಲೆ ಹೊತ್ತು ಗುಡಗೇರಿಗೆ ಮುಟ್ಟಿಸಿದೆ. ಬರ್ರಿ ಎಂದು ಕರೆದಾಕೆ ಆ ಮನೆಯ ಒಡತಿಯೇ ಹೊರತು ಬೀಗಿತ್ತಿಯಲ್ಲವೆಂದು ತೀರ್ಮಾನಿಸಿ ನೀಲಕ್ಕ ಹಾಗೂ ಕೂಸಿನ ಹೆಸರನ್ನು ಇಲ್ಲಿಂದ ಕಡಿಮೆ ಮಾಡಲಾಗಿದೆ.

೧೨. ಕಡ್ಲಿಗೇರಿಯ ಲೆಕ್ಕಕ್ಕೆ ಮರಳಬಯಸುವ ಸಿಬ್ಬಂದಿಯು ನೀಲಕ್ಕನವರ ಮನೆಯ ಮುಂದೆ ನಿಂತು, ಅವರಿಗೆ ಕೇಳುವಂತೆ, ಬರೀ "ಹೋಗ್ತೀವಿ" ಎಂದು ಹೇಳತಕ್ಕದ್ದು. ಹೊಟ್ಟೆ ತುಂಬ ಉಂಡ ಮನೆಯ ಮುಂದೆ ಹಾಗೆನ್ನಲು ಇದುವರೆಗೆ ಯಾರಿಗೂ ಬಾಯಿ ಬಂದಿರುವುದಿಲ್ಲ.

(ಸಹಿ)
ಮುಖ್ಯಾಧಿಕಾರಿಗಳು, ಕಡ್ಲಿಗೇರಿ ಪುರಸಭೆ
ಬಿಡಾರ: ಮಡಿವಾಳೆಪ್ಪನವರ ಕಟ್ಟೆ, ಗುಡಗೇರಿ

ಪ್ರತಿಗಳು:
೧. ಮೇಲಿನ ಕಚೇರಿಗೆ, ಇಲಿಯ ಸಮೇತ.
೨. ಶ್ರೀಮತಿ ಮಲ್ಲಕ್ಕ, ಅಗಸಿ ಓಣಿ. ಮಗಳನ್ನು ಯಾರನ್ನೂ ಕೇಳದೆ ಕರೆಸಿ ಕಳಿಸಬಹುದು.
೩. ಮೈಮುನಬಿಯವರಿಗೆ. ಕಚೇರಿಯ ಬೀಗದ ಕೈ ಅವರಲ್ಲಿದೆ.
೪. ಶ್ರೀಮತಿ ನೀಲಕ್ಕ, ಗುಡಗೇರಿ. ಬಾಯಿ ಬಂದವರಿದ್ದರೆ ದಯವಿಟ್ಟು ತಿಳಿಸುವುದು.