ಹಾಲಪ್ಪನ ಪಥ್ಯ

ಹಾಲಪ್ಪನ ಸೊಂಟ ಹಿಡಿದುಕೊಂಡದ್ದು ಹೆಂಡತಿ ಮೇಲಿನ ಆಸೆಯಿಂದ. ಮಂದಾಕಿನಿ ರಾಣೇಬೆನ್ನೂರಿನಲ್ಲಿ ಶಾಲೆಯ ಟೀಚರು, ಇವನು ವಡೋದರಾದ ಬ್ಯಾಂಕಿನಲ್ಲಿ. ದೀಪಾವಳಿ ಆದಮೇಲೆ ಇಬ್ಬರೂ ಒಂದು ಸೂರಿನ ಕೆಳಗೆ ಕೂತಿರಲಿಲ್ಲ. ಅಹಮದಾಬಾದಿಗೆ ತರಬೇತಿಗೆ ಬಂದಿದ್ದ ಅವಳು ಇವತ್ತು ಸಂಜೆ ಇಲ್ಲಿಗೆ ಬರುತ್ತಾಳೆ. ನಾಳೆ ಬೆಳಿಗ್ಗೆಯೇ ಊರಿನ ರೈಲು. ಇರುವುದು ಒಂದೇ ರಾತ್ರಿ.

ಅದಕ್ಕೆಂದು ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಲು ತಾರಸಿಗೆ ಹೊತ್ತ. ಇಳಿಸಿ ತರುವಾಗ ಸೊಂಟ 'ಕಟಕ್' ಎಂದಿತು. ಬಾಗಿದವನು ಬಾಗಿದಂತೆಯೇ, ಜಾತ್ರೆಯಲ್ಲಿ ಉಂಗುರ ಕಳೆದುಕೊಂಡವನ ಹಾಗೆ ನೆಲ ನೋಡುತ್ತ ನಿಂತ.

ಫೋನು ಮಾಡಿದ್ದಕ್ಕೆ ಬ್ಯಾಂಕಿನ ಗಣೇಶ ಸ್ಕೂಟರ್ ತಂದ. ಗದಗಿನ ಹುಡುಗ.

"ಕಾರೇಲಿಬಾಗಿನ್ಯಾಗ ಒಬ್ಬ ಮಾಲೀಶಿನ ವೈದ್ಯ ಅದಾನ್ರಿ ಸರ್. ಒಂಟೀನೂ ನೆಟ್ಟಗ ಮಾಡಿ ಕಳಿಸ್ತಾನ. ಆದ್ರ ಖಾಲಿ ಹೊಟ್ಟೀಲೆ ಹೋಗ್ಬೇಕ್ರಿ."

ಖಾಲಿ ಹೊಟ್ಟೆ ಎಂಬ ಸುದ್ದಿ ಕೆಳಮನೆಯ ಊರ್ಮಿಳಾಬೆನ್‌ಗೆ ಹೇಗೆ ಮುಟ್ಟಿತೋ, ಕಡಲೆಹಿಟ್ಟಿನ ಕರಿದ ತಿಂಡಿಯ ತಟ್ಟೆ ಹಿಡಿದು ಮೆಟ್ಟಿಲಿಗೇ ಬಂದರು. "ಹಸಿದು ಹೊರಟವರನ್ನ ನಾನು ನೋಡ್ಕೊಂಡು ಕೂರೋದಾ ಹಾಲಪ್ಪಭಾಯ್? ಎರಡೇ ಎರಡು ಫಾಫ್ಡಾ." ಅವರ ಲೆಕ್ಕದಲ್ಲಿ ಎರಡು ಎಂದರೆ ಒಂದು ಮದುವೆಗೆ ಸಾಕು. ಬಾಗಿದವನ ಬಾಯಿಗೆ ತಟ್ಟೆ ಸರಿಯಾಗಿ ಎಟುಕುತ್ತಿತ್ತು, ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ವೈದ್ಯನ ಅಂಗೈ ರೊಟ್ಟಿಯ ಹಂಚಿನಷ್ಟು. ಅವನು ಒತ್ತಿದಾಗೆಲ್ಲ ಫಾಫ್ಡಾ ಗಂಟಲವರೆಗೆ ಬಂದು ಇಣುಕಿ ಹೋಯಿತು. ಸೂರತ್ತಿನವರೆಗೆ ಕೇಳುವಂತೆ ಹಾಲಪ್ಪ ಕೂಗಿದ. ಎದ್ದಾಗ ಮಾತ್ರ ಲೈಟುಕಂಬದ ಹಾಗೆ ನೆಟ್ಟಗಿದ್ದ.

"ಗಾಳಿಗೆ ಹೋಗಬೇಡಿ. ತಣ್ಣೀರು ಮುಟ್ಟಬೇಡಿ. ಗಂಜಿಯನ್ನೇ ಕುಡೀರಿ," ಎಂದ ವೈದ್ಯ ದನಿ ತಗ್ಗಿಸಿದ. "ಇವತ್ತೊಂದು ದಿನ ಹೆಂಡತಿಯಿಂದ ದೂರ."

"ಗಾಳಿ ಬೇಕಾದ್ರ ವರ್ಷಗಟ್ಲೆ ಬಿಡ್ತೇನ್ರಿ. ಆ ಕಡೀದು…"

"ಅದೇ ಮುಖ್ಯ."

ಯಾರಿಗೂ ಹೇಳಬಾರದೆಂದು ಹಾಲಪ್ಪ ತೀರ್ಮಾನಿಸಿದ. ಆದರೆ ಪರದೆಯ ಆಚೆಗಿದ್ದ ಗಣೇಶನಿಗೆ ಎಲ್ಲ ಕೇಳಿತ್ತು. ಏನೇನು ಪಥ್ಯ ಎಂದು ಊರ್ಮಿಳಾಬೆನ್ ವಿಚಾರಿಸಿದಾಗ ಗಣೇಶ ಮೂರನ್ನು ಹೇಳಿ, ನಾಲ್ಕನೆಯದಕ್ಕೆ ಮದುವಣಗಿತ್ತಿಯ ಹಾಗೆ ಕೆಂಪಾದ. ಅಷ್ಟು ಸಾಕಾಯಿತು.

ಸಂಜೆ ಮಂದಾಕಿನಿ ಆಟೋ ಇಳಿದಳು.

"ಏನ್ರೀ ಇದು, ಬ್ಯಾಸಿಗ್ಯಾಗ ಮಫ್ಲರು?"

ಹಾಲಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳ ಬ್ಯಾಗು ಊರ್ಮಿಳಾಬೆನ್ ಕೈಯಲ್ಲಿತ್ತು. "ಭಾಭಿ ಇವತ್ತು ನಮ್ಮನೇಲಿ ಮಲಗ್ತಾರೆ," ಎಂದವರೇ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. ಮಂದಾಕಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇರ್ಲಿ ಬಿಡ್ರಿ. ಮೊದ್ಲು ಸೊಂಟ ಗಟ್ಟಿ ಆಗ್ಲಿ," ಎಂದು ಹೋಗಿಯೇಬಿಟ್ಟಳು.

ಮೇಲೆ ಹಾಲಪ್ಪ ಗಂಜಿ ಕುಡಿದ. ಒಬ್ಬನೇ ಕೂತರೆ ಹಾಸಿಗೆ ಕಛ್ಛಿನ ಉಪ್ಪಿನ ಬಯಲಿನಷ್ಟು ಅಗಲ. ಕೆಳಗಿನಿಂದ ಅವಳ ನಗು ಕೇಳಿಸುತ್ತಿತ್ತು. ನಕ್ಕು ಕೊನೆಗೊಮ್ಮೆ ಉಸಿರೆಳೆದುಕೊಳ್ಳುವುದು ಅವಳ ಅಭ್ಯಾಸ. ಆ ಉಸಿರು ಕೇಳಲೆಂದು ನೆಲಕ್ಕೆ ಕಿವಿಯಿಟ್ಟ. ಕೇಳಿಸಿತು. ತಡೆಯಲಾಗದೆ ವೈದ್ಯನಿಗೇ ಫೋನು ಹಚ್ಚಿದ.

"ನೋವಿಲ್ಲ ತಾನೆ? ಬರೀ ಎಣ್ಣೆ ತಿಕ್ಕಿದ್ದಕ್ಕೆ ಪಥ್ಯ ಎಲ್ಲಿಂದ ಬಂತು? ಎಲ್ಲರಿಗೂ ಹೇಳಿ ಹೇಳಿ ನಾಲಿಗೆಗೆ ರೂಢಿ," ಎಂದು ವೈದ್ಯ ನಕ್ಕ.

ಹಾಲಪ್ಪ ಮೆಟ್ಟಿಲುಗಳನ್ನು ಇಳಿಯಲಿಲ್ಲ, ಹಾರಿದ. ಪಥ್ಯ ಮುಗಿಯಿತೆಂದು ಕೂಗುತ್ತ ಕೆಳಮನೆಯ ಬಾಗಿಲು ಬಡಿದ. ಊರ್ಮಿಳಾಬೆನ್ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದರು. ಮೊಣಕೈವರೆಗೂ ಎಣ್ಣೆ.

"ವೈದ್ಯ ನಿಮ್ಮನ್ನ ಬಿಟ್ಟನಾ? ಒಳ್ಳೇದಾಯ್ತು. ರೈಲಲ್ಲಿ ಕೂತು ಭಾಭಿ ಬೆನ್ನು ಹಿಡ್ಕೊಂಡಿತ್ತು. ಈಗಷ್ಟೇ ಮಾಲೀಶು ಮಾಡಿದೆ. ಬೆಳಗಿನ ತನಕ ಪಥ್ಯ ಅವರದು."

"ಬೆನ್, ಬರೀ ಎಣ್ಣೀಗೆ ಪಥ್ಯ ಇಲ್ಲಂತ ಅವನೇ ಹೇಳ್ಯಾನ್ರಿ."

"ಅದು ಅವನ ಎಣ್ಣೆಗೆ. ಇದು ನಮ್ಮಮ್ಮ ಕಾಯಿಸೋದು ಕಲಿಸಿದ ಎಣ್ಣೆ." ಬಾಗಿಲು ಮುಚ್ಚಿತು.

ಹಾಲಪ್ಪ ಅದಕ್ಕೇ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕುಸಿದ. ಸ್ವಲ್ಪ ಹೊತ್ತಿಗೆ ಒಳಗೆ ಬಳೆ ಸದ್ದಾಯಿತು. ಅವಳೂ ಆ ಕಡೆ ಒರಗಿ ಕೂತಿದ್ದಳು.

"ರೀ, ಏನಾರ ಮಾತಾಡ್ರಿ," ಎಂದಳು ಮೆಲ್ಲಗೆ.

"ಮಾತಾಡಾಕ ಫೋನ್ ಇತ್ತಲ್ಲ," ಎಂದ ಹಾಲಪ್ಪ.