ಮೂರು ಮುಕ್ಕಾಲು ಅಡಿ ಎತ್ತರದ ಗೀರು

ನನ್ನ ಭಾವನವರಿಗೆ ನನ್ನ ಮೇಲೆ ಏನು ಹಗೆಯಿತ್ತೋ ಗೊತ್ತಿಲ್ಲ, ಎರಡು ತಿಂಗಳ ಮಟ್ಟಿಗೆ ತಮ್ಮ ಕಾರನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದರು. ಬಿಟ್ಟುಹೋಗುವಾಗ ದೊಡ್ಡ ಉಪಕಾರ ಮಾಡುವವರ ಧಾಟಿಯಲ್ಲೇ ಮಾತಾಡಿದರು. ಕೇಳಿದವರೆಲ್ಲ "ನಿಮ್ಮ ಅದೃಷ್ಟ" ಎಂದರು. ಆ ಅದೃಷ್ಟದ ದೆಸೆಯಿಂದ ನನ್ನ ಸೊಂಟದ ಸುತ್ತಳತೆ ಮೂವತ್ತಾರರಿಂದ ಮೂವತ್ತಮೂರಕ್ಕೆ ಇಳಿಯಿತು. (ಅಳತೆ ನಾನೇ ತೆಗೆದದ್ದು, ಸುಳ್ಳಲ್ಲ.)

ನಾನು ದರ್ಜಿ, ಊರಿನವರ ಬಾಯಲ್ಲಿ 'ಮಾಸ್ಟ್ರು'. ಗಂಡಸರ ಕೋಟು, ಪ್ಯಾಂಟು, ಅಂಗಿ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರ್. ನಲವತ್ತು ಸೀಟಿನ ಬಸ್ಸಿಗೆ ನೂರು ಜನ ಹತ್ತಿದ ಮೇಲೂ "ಒಳಗೆ ಜಾಗ ಇದೆ, ಮುಂದೆ ಹೋಗಿ" ಎಂದು ನಂಬಿಸಬಲ್ಲವಳು. ಅವಳ ಅಣ್ಣ, ಅಂದರೆ ಈ ಭಾವನವರು, ದಂತವೈದ್ಯರು. ಬೇರೆ ಊರಿನ ಕಾಲೇಜಿನಲ್ಲಿ ಎರಡು ತಿಂಗಳು ಪಾಠ ಮಾಡಲು ಅವರು ವಿಮಾನ ಹತ್ತಬೇಕಿತ್ತು. ಅದೇ ಹೊತ್ತಿಗೆ ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿ, ಕಾರು ನಿಲ್ಲಿಸುವ ಜಾಗವನ್ನೆಲ್ಲ ಅಗೆದು ಹಾಕಿದ್ದರು. ನಮ್ಮ ಮನೆಗೆ ಕಾಂಪೌಂಡು ಇದೆ ಎಂಬುದು ಆಗ ಅವರಿಗೆ ನೆನಪಾಯಿತು.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ಹದಿನಾಲ್ಕು ವರ್ಷಗಳ ಹಿಂದೆ ದಂತವೈದ್ಯರ ಸಮ್ಮೇಳನದಲ್ಲಿ ಭಾವ ಭಾಷಣ ಮಾಡಿದರು. ಅವರು ತೊಟ್ಟಿದ್ದ ಕೋಟು ನಾನು ಹೊಲಿದದ್ದು. ಕಾಲರಿನೊಳಗೆ ಒಂದು ಗುಂಡುಸೂಜಿ ಉಳಿದುಬಿಟ್ಟಿತ್ತು. ಮುಕ್ಕಾಲು ಗಂಟೆಯ ಭಾಷಣವನ್ನು ಅವರು ಕತ್ತನ್ನು ಎಡಕ್ಕೆ ವಾಲಿಸಿಕೊಂಡೇ ಮುಗಿಸಿದರಂತೆ. ಸಭಿಕರು ಅದನ್ನು ವಿನಯ ಎಂದು ತಿಳಿದು ಚಪ್ಪಾಳೆ ತಟ್ಟಿದರಂತೆ. ಅಂದಿನಿಂದ ನೆಂಟರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಭಾವ ಈ ಕತೆ ಹೇಳುತ್ತಾರೆ. "ಊರಿಗೆಲ್ಲ ಚುಚ್ಚೋನು ನಾನು, ನನಗೆ ಚುಚ್ಚಿದ್ದು ನಮ್ಮ ಮಾಸ್ಟ್ರು ಒಬ್ಬರೇ" ಎಂದು ಕೊನೆಗೊಳಿಸುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಮೈಯೆಲ್ಲ ಉರಿಯುತ್ತದೆ. ಅಂದಿನಿಂದ ನಾನು ಗುಂಡುಸೂಜಿಗಳನ್ನು ಎಣಿಸಿಯೇ ಡಬ್ಬಿಯಿಂದ ತೆಗೆಯುತ್ತೇನೆ, ಎಣಿಸಿಯೇ ಡಬ್ಬಿಗೆ ಹಾಕುತ್ತೇನೆ.

ಕೀಲಿ ಕೊಡುವಾಗ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ಟ್ರೇ, ಒಂದೇ ಒಂದು ಗೀರು ಇಲ್ಲದ ಹಾಗೆ ವಾಪಸ್ ಕೊಡಿ. ಕೊಟ್ರೆ, ಆ ಕೋಟಿನ ಕತೆ ನಾನು ಇನ್ಮೇಲೆ ಎಲ್ಲೂ ಎತ್ತಲ್ಲ."

"ಮಾತು ಕೊಟ್ಟ ಹಾಗೆ ತಾನೆ ಭಾವ?" ಎಂದೆ.

"ಕೊಟ್ಟ ಹಾಗೆ" ಎಂದರು.

ಹದಿನಾಲ್ಕು ವರ್ಷದ ಅಪಕೀರ್ತಿ ತೊಳೆದುಹೋಗುವ ಅವಕಾಶ. ನಾನು ಕೀಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ.

ಇನ್ನು ಕಾರಿನ ವಿಷಯ. ಎಸ್‌ಯುವಿ ಎಂದರೆ ಸಾಮಾನ್ಯ ಎಸ್‌ಯುವಿ ಅಲ್ಲ. ಆರುನೂರು ಕುದುರೆಗಳ ಬಲವಂತೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡಂತೆ. ನಾನು ಸೂಜಿಗೆ ದಾರ ಪೋಣಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಣ್ಣ ಕಪ್ಪು, ಅದೂ ಎಂಥ ಕಪ್ಪೆಂದರೆ, ಅದರೊಳಗೆ ನನ್ನ ಮುಖ ನಮ್ಮ ಅಂಗಡಿಯ ಕನ್ನಡಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಸೀಟು ಬೆನ್ನು ಒತ್ತುತ್ತದೆ. ಬಾಗಿಲು ತಾನೇ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ಹಿಂದೆ ಯೂನಿಫಾರಂ ಗಂಟುಗಳನ್ನು ಸಾಗಿಸಲು ಒಂದು ಹಳೆಯ ವ್ಯಾನು ಓಡಿಸಿದ ಅನುಭವ ನನಗಿತ್ತು. ಅದರ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಿತ್ತು.

ಮೊದಲ ದಿನವೇ ಟೇಪು ತೆಗೆದುಕೊಂಡು ಅಳೆದೆ. ಕನ್ನಡಿಗಳನ್ನೂ ಸೇರಿಸಿ ಕಾರಿನ ಅಗಲ ಏಳಡಿ ಎರಡಿಂಚು. ನಮ್ಮ ಗೇಟಿನ ಅಗಲ ಏಳಡಿ ಐದಿಂಚು. ಅಂದರೆ ಆ ಕಡೆ ಒಂದೂವರೆ ಇಂಚು, ಈ ಕಡೆ ಒಂದೂವರೆ ಇಂಚು. ಅಂಗಿಯ ಕಂಕುಳಿಗೂ ನಾನು ಇದಕ್ಕಿಂತ ಹೆಚ್ಚು ಸಡಿಲ ಬಿಡುತ್ತೇನೆ.

ಕಾರನ್ನು ಸುಮ್ಮನೆ ನಿಲ್ಲಿಸಿಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ವಾರಕ್ಕೆರಡು ಸಲ ಓಡಿಸದಿದ್ದರೆ ಬ್ಯಾಟರಿ ಮಲಗಿಬಿಡುತ್ತದೆ ಎಂದು ಭಾವ ಹೇಳಿದ್ದರು. ಹೀಗಾಗಿ ಹೆಂಡತಿಯ ವಾರದ ರಜೆಯ ದಿನ ತರಕಾರಿ ಮಾರುಕಟ್ಟೆಗೆ ಮೊದಲ ಸವಾರಿ ಹೊರಟಿತು. ಅವಳು ಗೇಟಿನ ಹೊರಗೆ ನಿಂತು ಡ್ಯೂಟಿಯ ಸೀಟಿ ಬಾಯಿಗಿಟ್ಟುಕೊಂಡಳು.

"ಬರ್ಲಿ, ಬರ್ಲಿ, ಲೆಫ್ಟ್ ಬರ್ಲಿ. ಹೋಲ್ಡಾನ್."

ಕಾರಿನೊಳಗೆ ಎಂಟು ಕಡೆಯಿಂದ ಪೀಂ ಪೀಂ ಶುರುವಾಯಿತು. ಗೇಟು ಹತ್ತಿರವಿದೆ ಎಂದು ಅದು ನನಗೆ ತಿಳಿಸುತ್ತಿತ್ತು. ಅದೇನು ಹೊಸ ಸುದ್ದಿಯಲ್ಲ. ಹೊರಗೆ ಸೀಟಿ, ಒಳಗೆ ಪೀಂ, ನನ್ನ ಎದೆಯಲ್ಲಿ ಡವಡವ. ಗೇಟು ದಾಟಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರು ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

ರಸ್ತೆಯಲ್ಲಿ ನಾನು ಹತ್ತೊಂಬತ್ತು ಕಿಲೋಮೀಟರ್ ವೇಗ ದಾಟಲಿಲ್ಲ. ಆರುನೂರು ಕುದುರೆಗಳನ್ನು ಹಿಡಿದು ಒಂದೊಂದಾಗಿ ನಡೆಸಿಕೊಂಡು ಹೋಗುತ್ತಿದ್ದೆ. ಹಂಪು ಬಂದರೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಮತ್ತೆ ಹತ್ತುತ್ತಿದ್ದೆ.

"ರೀ, ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಸೊಪ್ಪು ಬಿಡಿಸಿ ಆಗ್ತಿತ್ತು" ಎಂದಳು ಹೆಂಡತಿ.

"ಆ ಸ್ಕೂಟರ್‌ನೋನು ನೋಡು, ಎಷ್ಟು ಹತ್ರ ಬರ್ತಿದಾನೆ."

"ಅವನು ಮನೆ ಮುಂದೆ ನಿಂತಿದಾನೆ. ನೀವೇ ಅವನ ಹತ್ರ ಹೋಗ್ತಿದೀರ."

ಆಗ ಅವಳ ಮೊಣಕೈ ಯಾವುದೋ ಗುಂಡಿಗೆ ತಾಗಿತು. ಪರದೆಯ ಮೇಲೆ ಕೆಂಪಗೆ 'ಸ್ಪೋರ್ಟ್' ಎಂದು ಬಂತು. ಕಾರು ಒಮ್ಮೆ ಗುಡುಗಿತು. ಎದುರಿಗಿದ್ದ ಪಾರಿವಾಳಗಳೆಲ್ಲ ಹಾರಿಹೋದವು, ನನ್ನ ಪ್ರಾಣವೂ ಅವುಗಳ ಜೊತೆಗೇ ಹೊರಟಿತ್ತು. ಎರಡೂ ಕಾಲಿನಿಂದ ಬ್ರೇಕು ಒತ್ತಿ ಕಾರನ್ನು ರಸ್ತೆಯ ಮಧ್ಯೆಯೇ ನಿಲ್ಲಿಸಿದೆ. ಹಿಂದಿನಿಂದ ಅವಳದೇ ಡಿಪೋದ ಬಸ್ಸೊಂದು ಬಂದು ಪಕ್ಕದಲ್ಲಿ ನಿಂತಿತು. ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿ, "ಅಕ್ಕಾ, ಕೆಟ್ಟೋಗಿದ್ಯಾ? ಜನ ಇಳಿಸಿ ತಳ್ಳಿಸ್ಲಾ?" ಎಂದು ಕೇಳಿದ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಓಡಿಸುವುದಕ್ಕಿಂತ ನಿಲ್ಲಿಸಿಡುವುದು ಹೆಚ್ಚಿನ ಕಷ್ಟವಾಗಿತ್ತು. ಬೆಕ್ಕು, ಕಾಗೆ, ಗಾಳಿ, ಮಕ್ಕಳ ಚೆಂಡು, ಎಲ್ಲವೂ ನನ್ನ ಕಣ್ಣಿಗೆ ಗೀರುಗಳಾಗಿಯೇ ಕಾಣತೊಡಗಿದವು. ಗಿರಾಕಿಯ ತೋಳು ಅಳೆಯುತ್ತಿದ್ದವನು ಹೊರಗೆ ಸದ್ದಾದರೆ ಟೇಪನ್ನು ಅವನ ಕತ್ತಿಗೇ ಬಿಟ್ಟು ಓಡುತ್ತಿದ್ದೆ. ಕೊನೆಗೆ ಮೃದುವಾದ ಫ್ಲಾನೆಲ್ ಬಟ್ಟೆ ತಂದು, ಕಾರಿಗೆ ಅಳತೆ ತೆಗೆದು, ಒಂದು ಕವರು ಹೊಲಿದೆ. ಕನ್ನಡಿಗಳಿಗೆ ಬೇರೆ ಕಿವಿಚೀಲ, ಕೆಳಗೆ ಕಟ್ಟಲು ಲಾಡಿ, ಮುಂಭಾಗದಲ್ಲಿ ಬಟ್ಟೆಯ ಗುಂಡಿಗಳು. ಇಷ್ಟು ಚೆನ್ನಾದ ಫಿಟ್ಟಿಂಗು ನನ್ನ ಕೈಯಿಂದ ಮನುಷ್ಯರಿಗೂ ಬಂದಿರಲಿಲ್ಲ. ಅದಕ್ಕೆ ಬಳಸಿದ ಗುಂಡುಸೂಜಿ ಅರವತ್ತೆರಡು. ಡಬ್ಬಿಗೆ ಮರಳಿದ್ದು ಅರವತ್ತೆರಡು. ಮೂರು ಸಲ ಎಣಿಸಿದೆ, ಹೆಂಡತಿಯಿಂದಲೂ ಒಂದು ಸಲ ಎಣಿಕೆ ಮಾಡಿಸಿದೆ.

ಇಷ್ಟಾದರೂ ಸಮಾಧಾನವಿಲ್ಲ. ದಿನಾ ಬೆಳಿಗ್ಗೆ ಕವರು ತೆಗೆದು, ಹಳೆಯ ಮಲ್ ಬಟ್ಟೆಯಿಂದ ಇಡೀ ಕಾರನ್ನು ಒರೆಸುತ್ತಿದ್ದೆ. ನನ್ನ ಎತ್ತರ ಐದಡಿ ಎರಡಿಂಚು. ಮೇಲ್ಛಾವಣಿ ಒರೆಸಬೇಕಾದರೆ ಬಾಗಿಲಿಗೆ ಎದೆ ಒತ್ತಿ, ತುದಿಗಾಲಲ್ಲಿ ನಿಂತು, ತೋಳು ಚಾಚಬೇಕಿತ್ತು. ಮೊದಲು ಈ ಕಡೆಯಿಂದ, ಆಮೇಲೆ ಆ ಕಡೆಯಿಂದ.

ಒಂದು ದಿನ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. "ನನ್ನನ್ನ ಹೀಗೆ ತಬ್ಬಿಕೊಂಡು ಎಷ್ಟು ವರ್ಷ ಆಯ್ತು, ಜ್ಞಾಪಕ ಇದೆಯಾ?" ಎಂದಳು.

"ನೀನೇನು ವಾಪಸ್ ಕೊಡೋ ವಸ್ತುವಾ?" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಅದು ಹೊಗಳಿಕೆಯೋ ಬೈಗುಳವೋ ನನಗೇ ತಿಳಿಯಲಿಲ್ಲ. ಅವಳು ಬೈಗುಳವೆಂದೇ ತಿಳಿದಳು.

ಎರಡು ತಿಂಗಳು ಮುಗಿಯುತ್ತ ಬಂತು, ಭಾನುವಾರ ಭಾವ ಬರುವವರಿದ್ದರು. ಗುರುವಾರ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಿತ್ತು. ಕವರು ತೆಗೆದೆ. ಡ್ರೈವರ್ ಕಡೆಯ ಬಾಗಿಲಿನ ಮೇಲೆ ಕೂದಲಿನಷ್ಟು ತೆಳ್ಳಗೆ, ಅರ್ಧಚಂದ್ರದ ಆಕಾರದಲ್ಲಿ, ಒಂದು ಗೀರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ. ಮುಂದಿನ ಹದಿನಾಲ್ಕು ವರ್ಷ ಕೇಳಬೇಕಾದ ನಗು ಆಗಲೇ ಕಿವಿಗೆ ಬೀಳುತ್ತಿತ್ತು.

ಅಳು ಮುಗಿದ ಮೇಲೆ ಸಿಟ್ಟು ಬಂತು. ಯಾರು ಮಾಡಿದ್ದು? ನೆಲದಿಂದ ಗೀರಿಗೆ ಅಳೆದೆ. ಸರಿಯಾಗಿ ನಲವತ್ತೈದು ಇಂಚು, ಮೂರು ಮುಕ್ಕಾಲು ಅಡಿ. ನಲವತ್ತೈದು ಇಂಚು ಎತ್ತರದಲ್ಲಿ ಚೂಪಾದದ್ದು ಯಾರ ಬಳಿ ಇದೆಯೋ ಅವರೇ ಅಪರಾಧಿ. ಅಂಗಡಿಯ ಬಾಗಿಲು ಹಾಕಿ ಟೇಪು ಹಿಡಿದು ತನಿಖೆಗೆ ಹೊರಟೆ. ನಮ್ಮ ಗೇಟಿನ ಚಿಲಕ ಮೂವತ್ತೆಂಟು. ಎದುರು ಮನೆಯ ಸ್ಕೂಟರಿನ ಹ್ಯಾಂಡಲ್ ನಲವತ್ತು. ಪೇಪರಿನವರ ಸೈಕಲ್ಲಿನ ಗಂಟೆ ನಲವತ್ತೊಂದೂವರೆ. ಹಾಲಿನಾಕೆಯ ಬಳೆ ಮೂವತ್ತಮೂರು, ಕೈ ಎತ್ತಿದರೆ ಐವತ್ತು. (ಕೈ ಎತ್ತಿಸಿದ್ದಕ್ಕೆ ಬೈಸಿಕೊಂಡೆ.) ಗಣಿತ ಮೇಷ್ಟ್ರ ಕೊಡೆಯ ತುದಿ ಮಾತ್ರ ಅನುಮಾನಾಸ್ಪದವಾಗಿತ್ತು. ಅವರು ಅದನ್ನು ಕಂಕುಳಲ್ಲಿ ಅಡ್ಡ ಇಟ್ಟುಕೊಂಡು ನಡೆಯುತ್ತಾರೆ. ಅವರನ್ನು ನಿಲ್ಲಿಸಿ ಕಂಕುಳಿಗೆ ಟೇಪು ಹಿಡಿದೆ.

"ಅಂಗಿಗೋ, ಕೋಟಿಗೋ?" ಎಂದು ಅವರು ಸಂತೋಷದಿಂದ ಕೇಳಿದರು.

"ಕೋಟಿಗೆ" ಎಂದುಬಿಟ್ಟೆ. ಕೊಡೆ ನಲವತ್ತೊಂಬತ್ತು ಬಂತು. ಅಪರಾಧಿ ಸಿಗಲಿಲ್ಲ, ಒಂದು ಪುಕ್ಕಟೆ ಕೋಟು ನನ್ನ ತಲೆಗೆ ಬಂತು.

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡೇ ಬಂದಳು. ಗೀರು ನೋಡಿದಳು. ಕಾರನ್ನು ಒಂದು ಸುತ್ತು ಹಾಕಿದಳು.

"ಇದೊಂದೇ ಅಲ್ಲ. ಹಿಂದಿನ ಬಾಗಿಲಲ್ಲೂ ಇದೆ. ಆ ಕಡೆ ಎರಡು ಬಾಗಿಲಲ್ಲೂ ಇದೆ. ಎಲ್ಲ ಒಂದೇ ಎತ್ತರ."

"ನಾಲ್ಕು ಬಾಗಿಲೂ? ಇದು ಬೇಕೂಂತಲೇ ಮಾಡಿದ್ದು ಕಣೇ. ನಮ್ಮ ಬೀದೀಲಿ ನಮಗೆ ಆಗದೋರು ಯಾರೋ ಇದಾರೆ."

ಅವಳು ನನ್ನನ್ನೇ ನೋಡುತ್ತ ನಿಂತಳು. ಟಿಕೆಟ್ ತೆಗೆದುಕೊಳ್ಳದೆ ಮೂಲೆಯಲ್ಲಿ ನಿಂತವನನ್ನು ಅವಳು ನೋಡುವುದು ಹಾಗೆಯೇ.

"ಟೇಪ್ ಕೊಡಿ ಇಲ್ಲಿ. ಕಾರು ಒರೆಸುವಾಗ ನಿಲ್ಲೋ ಹಾಗೆ ತುದಿಗಾಲಲ್ಲಿ ನಿಂತ್ಕೊಳ್ಳಿ."

ನಿಂತೆ. ಮೂವತ್ತು ವರ್ಷ ಊರಿನವರನ್ನೆಲ್ಲ ಅಳೆದ ನನ್ನನ್ನು ಮೊದಲ ಬಾರಿಗೆ ಒಬ್ಬರು ಅಳೆದರು. ಟೇಪಿನ ತುದಿಯನ್ನು ಕಾಲಿನಿಂದ ಮೆಟ್ಟಿ, ನನ್ನ ಅಂಗಿಯ ಎಡಜೇಬಿನವರೆಗೆ ಎಳೆದು ಓದಿದಳು.

"ನಲವತ್ತೈದು."

ಕೆಳಗೆ ನೋಡಿಕೊಂಡೆ. ಜೇಬಿನ ಮೇಲೆ, ಮೂವತ್ತು ವರ್ಷದಿಂದ ಇರುವ ಜಾಗದಲ್ಲಿ, ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿತ್ತು. ಕೆಲಸದ ನಡುವೆ ಸೂಜಿಯನ್ನು ಅಲ್ಲಿ ಚುಚ್ಚಿಡುವುದು ನನ್ನ ಕೈಯ ಅಭ್ಯಾಸ. ಅದು ಡಬ್ಬಿಯ ಎಣಿಕೆಗೆ ಸೇರಿದ್ದಲ್ಲ. ಎರಡು ತಿಂಗಳು ದಿನಾ ಬೆಳಿಗ್ಗೆ ನಾನು ಆ ಕಾರನ್ನು ಪ್ರೀತಿಯಿಂದ ತಬ್ಬಿಕೊಂಡು, ಎಡಕ್ಕೂ ಬಲಕ್ಕೂ ವಾಲಿ, ನಾಲ್ಕೂ ಬಾಗಿಲಿಗೆ ಸಮಾನವಾಗಿ ಗೀರು ಹಾಕಿದ್ದೆ.

"ಹರಿದ ಬಟ್ಟೆಗೆ ಹಾಕೋ ಹಾಗೆ ಇದಕ್ಕೆ ರಫು ಹಾಕೋಕೆ ಬರಲ್ವಾ?" ಎಂದು ಕೇಳಿದೆ. ಬುದ್ಧಿ ಅಷ್ಟು ಕೆಟ್ಟಿತ್ತು.

"ಕಾರಿಗೆ ರಫು ಹಾಕ್ತೀರಾ? ಸುಮ್ಮನೆ ಅಣ್ಣನ ಹತ್ರ ನಿಜ ಹೇಳಿಬಿಡಿ" ಎಂದಳು. ಆ ಸೂಜಿಯನ್ನು ಕಿತ್ತು ಟಿಕೆಟ್ ಚೀಲದೊಳಗೆ ಹಾಕಿಕೊಂಡಳು.

ಭಾನುವಾರದವರೆಗೆ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಹೇಗೆ ಎಂದು ಯೋಚಿಸಿದೆ, ಆದರೆ ಗೀರು ಎರಡು ಕಡೆ, ಗೋಡೆ ಒಂದೇ ಕಡೆ. ಕವರಿನ ಸಮೇತ ಕೊಟ್ಟುಬಿಡೋಣವೆಂದರೆ ಭಾವ ಎಂದಾದರೂ ಅದನ್ನು ತೆಗೆಯಲೇಬೇಕು. ಕೊನೆಗೆ ನಿಜವೇ ಗತಿ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಕವರನ್ನಾದರೂ ಚೆನ್ನಾಗಿ ಮಡಿಸಿ ಕೊಡೋಣವೆಂದು ಕೂತರೆ ಒಂದು ಲಾಡಿ ಬಿಟ್ಟುಹೋಗಿತ್ತು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಎದ್ದು ಹೋದೆ.

ಭಾವ ಪೆಟ್ಟಿಗೆ ಇಳಿಸುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕವರು, ಮಲ್ ಬಟ್ಟೆ, ತುದಿಗಾಲು, ಸೂಜಿ, ನಲವತ್ತೈದು ಇಂಚು, ಏನನ್ನೂ ಮುಚ್ಚಿಡಲಿಲ್ಲ.

ಭಾವ ಬಾಗಿಲ ಬಳಿ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಉಗುರಿನಿಂದ ಗೀರನ್ನು ಮೆಲ್ಲಗೆ ಮುಟ್ಟಿ ನೋಡಿದರು.

"ಮೇಲಿನ ಪದರ ಮಾತ್ರ. ಬೇರಿಗೆ ಇಳಿದಿಲ್ಲ" ಎಂದರು.

ಆಮೇಲೆ ನಿಟ್ಟುಸಿರು ಬಿಟ್ಟು ಎದ್ದು ನಿಂತರು. "ಮಾಸ್ಟ್ರೇ, ಮೂರು ವರ್ಷದಿಂದ ಮೊದಲನೇ ಗೀರು ಯಾವತ್ತು ಬೀಳುತ್ತೋ ಅಂತ ಹೆದರಿ ಹೆದರಿ ನಾನು ಈ ಕಾರನ್ನ ಒಂದು ದಿನಾನೂ ಸಮಾಧಾನವಾಗಿ ಓಡಿಸಿಲ್ಲ. ಬಿತ್ತಲ್ಲ, ಮುಗೀತು. ಅದೂ ಅಲ್ದೆ, ಮುಚ್ಚಿಡದೆ ಹೇಳಿದ್ರಿ. ಆ ಕೋಟಿನ ಕತೆ ಇವತ್ತಿಗೆ ಕೊನೆ."

ಅವರ ಕಣ್ಣೂ ಸ್ವಲ್ಪ ಒದ್ದೆಯಾಗಿತ್ತು. ಭಾವ ಎರಡೂ ತೋಳು ಚಾಚಿ ನನ್ನನ್ನು ಬರಸೆಳೆದು ಗಟ್ಟಿಯಾಗಿ ಅಪ್ಪಿಕೊಂಡರು.

ಅಪ್ಪಿಕೊಂಡವರು ಹಾಗೆಯೇ ನಿಂತುಬಿಟ್ಟರು. ಅವರ ಕತ್ತು ನಿಧಾನವಾಗಿ ಎಡಕ್ಕೆ ವಾಲಿತು.

"ಮಾಸ್ಟ್ರೇ" ಎಂದರು ಬಹಳ ಮೆಲ್ಲಗೆ, "ಈಗ ತಾನೆ ಏನಾದ್ರೂ ಹೊಲೀತಿದ್ರಾ?"

ನನ್ನ ಹೆಂಡತಿ ಬಂದು ನಮ್ಮಿಬ್ಬರನ್ನೂ ಬಿಡಿಸಿದಳು. ಭಾವ ಎದೆ ಉಜ್ಜಿಕೊಳ್ಳುತ್ತ ಕಾರು ಹತ್ತಿ, ಒಂದೇ ಸಲಕ್ಕೆ ಗೇಟು ದಾಟಿಸಿದರು. ಕವರು ಕೊಡಲು ಓಡಿದೆ. ಅವರು ಕಿಟಕಿ ಇಳಿಸಿ ತಂಗಿಗೆ ಹೇಳಿದರು: "ಅದು ಕಾರಿಗೆ ಬೇಡಮ್ಮ, ಇವರಿಗೇ ಹಾಕಿಡು."

ಭಾವ ಆಡಿದ ಮಾತಿಗೆ ತಪ್ಪುವವರಲ್ಲ. ಈಗ ನೆಂಟರು ಸೇರಿದ ಕಡೆ ಕೋಟಿನ ಕತೆ ಅಪ್ಪಿತಪ್ಪಿಯೂ ಎತ್ತುವುದಿಲ್ಲ. ಕಾರಿನ ಕತೆ ಹೇಳುತ್ತಾರೆ. ಅದು ಕೋಟಿನ ಕತೆಗಿಂತ ಉದ್ದವಾಗಿದೆ, ಮತ್ತು ಹೇಳುವವರು ಈಗ ಇಬ್ಬರು. ನಲವತ್ತೈದು ಇಂಚಿನ ಜಾಗ ಬಂದಾಗ ನನ್ನ ಹೆಂಡತಿ ಚೀಲದಿಂದ ಟೇಪು ತೆಗೆದು, ನನ್ನನ್ನು ತುದಿಗಾಲಲ್ಲಿ ನಿಲ್ಲಿಸಿ, ಅಳೆದು ತೋರಿಸುತ್ತಾಳೆ.